ಉಡುಗೆಯ ಚಿತ್ರವೂ ಉಟ್ಟವರ ಚಿತ್ರವೂ

೧

ಛಾಯಾಚಿತ್ರವನ್ನು ಕುರಿತು, ಅದರಲ್ಲಿಯೂ ಫ್ಯಾಷನ್ ಛಾಯಾಚಿತ್ರವನ್ನು ಕುರಿತು, ಸಾಹಿತ್ಯಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ಸಹಜವೇ ಸರಿ. ಆದರೆ ಅಲಂಕಾರವೆಂಬ ಮಾತನ್ನು ನಮ್ಮ ಕಾವ್ಯಮೀಮಾಂಸೆಗೆ ಒದಗಿಸಿಕೊಟ್ಟದ್ದು ಉಡುಗೆತೊಡುಗೆಯೇ ಎಂಬುದನ್ನು ಮರೆಯಲಾಗದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯತತ್ತ್ವವನ್ನು ವಿವರಿಸಹೊರಟಾಗ ಮೊದಲು ನೆನೆದದ್ದು ಆಭರಣಗಳನ್ನು: ಕೊರಳಿಗೆ ಡಾಬು, ಸೊಂಟಕ್ಕೆ ಹಾರ, ಕೈಗೆ ಕಾಲಂದುಗೆ ತೊಟ್ಟುಕೊಂಡವರನ್ನು ಕಂಡರೆ ಯಾರು ತಾನೆ ನಗುವುದಿಲ್ಲ ಎಂಬುದು ಅವನ ಅಭಿಪ್ರಾಯ. ಯಾವುದನ್ನು ಎಲ್ಲಿ ಇಡಬೇಕೆಂಬ ವಿವೇಕವೇ ಕಾವ್ಯಕ್ಕೂ ಉಡುಗೆಗೂ ಸಮಾನವಾದ ಜೀವಾಳ. ಹೀಗಿರಲು ಉಡುಗೆಯ ಚಿತ್ರದ ವಿಚಾರ ನಮಗೆ ಹೊರಗಿನದೆಂದು ಹೇಳುವುದಕ್ಕೆ ಆಗದು.

ಇನ್ನೊಂದು ಕಾರಣವೂ ಉಂಟು. ನಮ್ಮ ನೆಲ ಬಟ್ಟೆಯ ನೆಲ. ರಾಯದುರ್ಗದಲ್ಲಿ ಸಿದ್ಧ ಉಡುಪುಗಳ ಹೊಲಿಗೆ ಅನೇಕ ಮನೆಗಳ ಜೀವನಾಧಾರ. ಜೀನ್ಸ್ ಷರಾಯಿಗಳಿಗೆ ಹೆಸರಾದ ಬಳ್ಳಾರಿ ನಮಗೆ ನೆರೆಯೂರು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳು ಗಡಿಯ ಆಚೆಗೇ ಇವೆ. ಮಡಕಶಿರದ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರಿದ್ದಾರೆ. ಗೂಡಿನ ಮಾರುಕಟ್ಟೆ ಹಿಂದೂಪುರದಲ್ಲಿದೆ. ಧರ್ಮಾವರದ ಸೀರೆಯನ್ನು ಅರಿಯದ ಮನೆ ನಮ್ಮಲ್ಲಿಲ್ಲ. ನಾವು ನೂಲುವ, ನೇಯುವ, ಹೊಲಿಯುವ ವಸ್ತುವಿನ ಚಿತ್ರವನ್ನು ಯಾರೋ ಎಲ್ಲಿಯೋ ತೆಗೆಯುತ್ತಾರೆ; ಅದನ್ನು ನೋಡಿ ನಮ್ಮ ಮಕ್ಕಳು ತಾವು ಹೇಗೆ ಕಾಣಬೇಕೆಂಬುದನ್ನು ಕಲಿಯುತ್ತಾರೆ. ಆದ್ದರಿಂದ ಆ ಚಿತ್ರವನ್ನು ಓದುವ ಬಗೆಯನ್ನೂ ಅವರು ಕಲಿಯುವುದು ಒಳ್ಳೆಯದು.

ಈಚೆಗೆ ಹಳೆಯ ಫಿಲ್ಮ್ ಕ್ಯಾಮರಾಗಳನ್ನು ಮತ್ತೆ ಕೈಗೆತ್ತಿಕೊಂಡಿರುವ ತರುಣರಲ್ಲಿ ಒಂದು ಪ್ರಶ್ನೆ ಕೇಳಿಬರುತ್ತಿದೆ: ರೂಪದರ್ಶಿಯೊಬ್ಬಳನ್ನು ನಿಲ್ಲಿಸಿ, ಒಳ್ಳೆಯ ಉಡುಗೆ ತೊಡಿಸಿ, ಫಿಲ್ಮಿನಲ್ಲಿ ಚಿತ್ರ ತೆಗೆದರೆ ಅದು ಫ್ಯಾಷನ್ ಛಾಯಾಚಿತ್ರವಾಗುತ್ತದೆಯೇ? ಆಗುತ್ತದೆ ಎನ್ನುವವರು ಹಲವರು. ಅಷ್ಟರಿಂದಲೇ ಆಗುವುದಿಲ್ಲ ಎಂಬುದು ನಮ್ಮ ಮತ. ಅದಕ್ಕೆ ಕಾರಣಗಳನ್ನು ಹೇಳುತ್ತೇವೆ. ಸೈಕ್ಲೋಸ್ಟೈಲ್ ಹಾಳೆಯಲ್ಲಿ ಛಾಯಾಚಿತ್ರ ಮೂಡದು, ಚಿತ್ರಗಳನ್ನು ಮಾತಿನಲ್ಲಿಯೇ ಕಾಣಿಸಬೇಕಾಗಿದೆ, ವಾಚಕರು ಸಹಿಸಿಕೊಳ್ಳಬೇಕು.

೨

ಬಟ್ಟೆ ತೊಟ್ಟ ಮನುಷ್ಯರ ಚಿತ್ರಗಳೆಲ್ಲವೂ ಮೇಲುನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಮದುವೆಯ ದಿನ ಸ್ಟುಡಿಯೋದವರು ತೆಗೆದ ದಂಪತಿಗಳ ಭಾವಚಿತ್ರ "ಇವರು ಯಾರು?" ಎಂಬ ಪ್ರಶ್ನೆಗೆ ಉತ್ತರ. ಅಲ್ಲಿ ಸೀರೆ ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಅದು ಉಟ್ಟವಳಿಗೆ ಸೇರಿದ್ದು. ಮೊಮ್ಮಕ್ಕಳು ಆ ಚಿತ್ರದಲ್ಲಿ ಹುಡುಕುವುದು ಅಜ್ಜಿಯ ಮುಖವನ್ನು. ಬ್ರಿಟಿಷ್ ಸರ್ಕಾರ ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಗ್ರಂಥದ ಛಾಯಾಚಿತ್ರಗಳು "ಇವರು ಎಂಥವರು?" ಎಂಬ ಪ್ರಶ್ನೆಗೆ ಉತ್ತರ ಕೊಡಹೊರಟವು, ಅಲ್ಲಿ ಉಡುಗೆ ಜಾತಿಬುಡಕಟ್ಟುಗಳ ಗುರುತುಚೀಟಿ. ಅಂಗಡಿಯ ಜಾಹೀರಾತು "ಇದು ಎಲ್ಲಿ ದೊರೆಯುತ್ತದೆ, ಬೆಲೆಯೇನು?" ಎಂಬುದಕ್ಕೆ ಉತ್ತರ. ಫ್ಯಾಷನ್ ಛಾಯಾಚಿತ್ರವಾದರೋ "ಈಗ ಹೇಗೆ ಉಡಬೇಕು?" ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು.

ಈ ಕೊನೆಯ ಪ್ರಶ್ನೆಯಲ್ಲಿ ಮೂರು ಅಂಶಗಳು ಅಡಗಿವೆ. ಮೊದಲನೆಯದು, ಚಿತ್ರವೆಂಬ ವಾಕ್ಯದಲ್ಲಿ ಕರ್ತೃಪದ ಉಡುಗೆ. ದೇಹ, ಬೆಳಕು, ಹಿನ್ನೆಲೆಗಳೆಲ್ಲ ಅದಕ್ಕೆ ಹೊಂದಿಕೊಳ್ಳಬೇಕಾದ ಪದಗಳು. ಎರಡನೆಯದು, ಕಾಲ, 'ಈಗ' ಎಂಬ ಮಾತಿಲ್ಲದೆ ಫ್ಯಾಷನ್ ಇಲ್ಲ. ಮೂರನೆಯದು, ಸಂಬೋಧನೆ, ಚಿತ್ರ ನೋಡುವವಳನ್ನು ಕುರಿತು "ನೀನೂ ಹೀಗೆ ಇರಬಲ್ಲೆ" ಎನ್ನುತ್ತದೆ. ಈ ಮಾತನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ, ವ್ಯಂಗ್ಯಾರ್ಥವಾಗಿ ಸೂಚಿಸುತ್ತದೆ. ಬೆಲೆಯನ್ನು ವಾಚ್ಯವಾಗಿ ಸಾರುವ ಜಾಹೀರಾತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಎರಡರ ಹಿಂದೆಯೂ ವ್ಯಾಪಾರವಿದೆ ಎಂಬುದು ನಿರ್ವಿವಾದ; ಆದರೆ ಒಂದು ಕೊಳ್ಳೆಂದು ಕರೆಯುತ್ತದೆ, ಮತ್ತೊಂದು ಆಸೆಪಡೆಂದು ಕಲಿಸುತ್ತದೆ. ಎರಡನೆಯದರ ಪ್ರಭಾವ ಹೆಚ್ಚು ಆಳವಾದದ್ದು.

೩

ಈ ಲಕ್ಷಣಗಳನ್ನು ಕೆಲವು ಲಕ್ಷ್ಯಗಳಿಗೆ ಒಡ್ಡಿ ನೋಡೋಣ. ಮಡಕಶಿರದವರಿಗೆ ದೂರವಲ್ಲದ ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯಲ್ಲಿ ಅಚ್ಯುತರಾಯನ ಕಾಲದ, ಎಂದರೆ ಹದಿನಾರನೆಯ ಶತಮಾನದ ವರ್ಣಚಿತ್ರಗಳಿವೆ. ಗೀಟುಗಳ, ಹೂಬಳ್ಳಿಗಳ, ಅಗಲ ಅಂಚುಗಳ ಸೀರೆಗಳು, ಗಂಡಸರ ಎತ್ತರವಾದ ಕುಲಾವಿಗಳು, ತೆಳುವಾದ ಉತ್ತರೀಯಗಳು ಅಲ್ಲಿ ಎಷ್ಟು ಸೂಕ್ಷ್ಮವಾಗಿ ಮೂಡಿವೆಯೆಂದರೆ ಬಟ್ಟೆಯ ಚರಿತ್ರೆಯನ್ನು ಬರೆಯುವವರು ಅವನ್ನು ಬಿಟ್ಟು ಮುಂದುವರಿಯಲಾರರು. ಲತಾಮಂಟಪದ ಕಂಬಗಳ ಮೇಲಿನ ವಿನ್ಯಾಸಗಳನ್ನು ಇಂದಿಗೂ ಸೀರೆಯ ಅಂಚಿಗೆ ಇಳಿಸುವವರಿದ್ದಾರೆ. ಉಡುಗೆಗೆ ಅಲ್ಲಿ ಇಷ್ಟು ಪ್ರಾಧಾನ್ಯವಿದ್ದರೂ ಅದು ಫ್ಯಾಷನ್ ಚಿತ್ರವಲ್ಲ. ಅಲ್ಲಿಯ ಹೆಂಗಳೆಯರು ನಿಂತಿರುವುದು ದೇವರ ಎದುರಿನಲ್ಲಿ; ನೋಡುವವಳನ್ನು ಕುರಿತು ಅವರು ಏನನ್ನೂ ಹೇಳುತ್ತಿಲ್ಲ.

ರಾಜಾ ರವಿವರ್ಮನು ಮೈಸೂರಿನ ಮಹಾರಾಜರಿಗಾಗಿ ರಚಿಸಿಕೊಟ್ಟ, ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಸಮೂಹಚಿತ್ರ ಇದಕ್ಕಿಂತ ಹತ್ತಿರ ಬರುತ್ತದೆ. ಅದರಲ್ಲಿ ಹನ್ನೊಂದು ಜನ ಸ್ತ್ರೀಯರು ದೇಶದ ಬೇರೆ ಬೇರೆ ಭಾಗಗಳ ಉಡುಗೆಯಲ್ಲಿ ಕುಳಿತಿದ್ದಾರೆ, ನಿಂತಿದ್ದಾರೆ. ಸಂಗೀತ ಇಲ್ಲಿ ನೆವಮಾತ್ರ; ವಸ್ತ್ರವೈವಿಧ್ಯವೇ ವಿಷಯ. ಆದರೂ ಅಲ್ಲಿ 'ಈಗ' ಎಂಬುದಿಲ್ಲ. ಒಬ್ಬೊಬ್ಬಳೂ ತನ್ನ ಸೀಮೆಯ ಪ್ರತಿನಿಧಿಯಾಗಿ ಕಾಲಾತೀತಳಾಗಿ ಕುಳಿತಿದ್ದಾಳೆ. ಇದನ್ನು ಉಡುಗೆಯ ನಿಘಂಟು ಎನ್ನಬಹುದು. ನಿಘಂಟಿನಲ್ಲಿ ಶಬ್ದಗಳಿರುತ್ತವೆ, ಮಾತು ಇರುವುದಿಲ್ಲ.

ಮಾತು ಹುಟ್ಟಿದ್ದು ೧೯೧೧ರಲ್ಲಿ ಎಂದು ಚರಿತ್ರಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಆ ವರ್ಷದ ಏಪ್ರಿಲ್‌ನಲ್ಲಿ ಎಡ್ವರ್ಡ್ ಸ್ಟೈಕನ್ ಎಂಬ ಛಾಯಾಗ್ರಾಹಕನು ಪಾಲ್ ಪೊಯರೆ ಎಂಬ ಪ್ಯಾರಿಸಿನ ವಸ್ತ್ರವಿನ್ಯಾಸಕನ ಉಡುಗೆಗಳನ್ನು ತೆಗೆದ ೧೩ ಚಿತ್ರಗಳು 'ಆರ್ ಎ ದೆಕೊರಾಸಿಯೋಂ' ಎಂಬ ಪತ್ರಿಕೆಯಲ್ಲಿ ಪ್ರಕಟವಾದವು. ಹಿಂದೆಯೂ ಉಡುಗೆಗಳ ಛಾಯಾಚಿತ್ರಗಳಿದ್ದವು. ಆದರೆ ಹೊಲಿಗೆಯ ವಿವರ ತಿಳಿಸುವುದು ಮಾತ್ರ ಅವುಗಳ ಕೆಲಸವಾಗಿತ್ತು. ಸ್ಟೈಕನ್ ಆ ಉಡುಗೆಯ ಸುತ್ತಣ ಬದುಕಿನ ಹವೆಯನ್ನು ತೋರಿಸಿದನು. ಮುಂದೆ ೧೯೩೩ರ ಡಿಸೆಂಬರಿನಲ್ಲಿ ಹಂಗೇರಿಯ ಮಾರ್ಟಿನ್ ಮುಂಕಾಚಿ 'ಹಾರ್ಪರ್ಸ್ ಬಜಾರ್' ಪತ್ರಿಕೆಗೆ ರೂಪದರ್ಶಿಯೊಬ್ಬಳನ್ನು ಕಡಲ ದಂಡೆಯಲ್ಲಿ ಓಡಿಸಿ ಚಿತ್ರ ತೆಗೆದನು. ಅವನು ಮೊದಲು ಆಟೋಟಗಳ ಚಿತ್ರ ತೆಗೆಯುತ್ತಿದ್ದವನು. ಗಾಳಿಗೆ ಹಿಂದಕ್ಕೆ ಹಾರುವ ಮೇಲುಹೊದಿಕೆಯಿಂದ ಬಟ್ಟೆಯ ತೂಕ ಎಷ್ಟೆಂಬುದು ನೋಡುವವರಿಗೆ ತಿಳಿಯಿತು. ಹೆಣ್ಣು ಓಡಬಲ್ಲಳೆಂಬ ಹೊಸ ಕಾಲದ ಸುದ್ದಿಯೂ ತಿಳಿಯಿತು. ಉಡುಗೆ, ಕಾಲ, ಸಂಬೋಧನೆ ಮೂರೂ ಇಲ್ಲಿ ಕೂಡಿವೆ. ಇದನ್ನು ಫ್ಯಾಷನ್ ಛಾಯಾಚಿತ್ರವೆನ್ನಲು ನಮಗೆ ಸಂಕೋಚವಿಲ್ಲ.

೪

ಇನ್ನು ಫಿಲ್ಮಿನ ಮಾತು. ಫಿಲ್ಮ್ ಎಂಬುದು ಸಾಧನ. ಅದರಿಂದ ಪ್ರಕಾರ ನಿರ್ಣಯವಾಗುವುದಿಲ್ಲ. ತಾಳೆಗರಿಯಲ್ಲಿ ಬರೆದ ಮಾತ್ರಕ್ಕೆ ಲೆಕ್ಕಪತ್ರ ಮಹಾಕಾವ್ಯವಾಗದು. ಹಾಗೆಂದು ಸಾಧನ ನಿರ್ಲಕ್ಷ್ಯವಲ್ಲ. ೧೨೦ರ ಅಳತೆಯ ಸುರುಳಿಯಲ್ಲಿ ಚೌಕ ಚಿತ್ರಗಳು ೧೨ ಮಾತ್ರ. ೩೫ ಮಿಲಿಮೀಟರಿನದರಲ್ಲಿ ೩೬. ತೆಗೆದ ಚಿತ್ರವನ್ನು ಆ ಕ್ಷಣವೇ ನೋಡಲಾಗದು. ಆದ್ದರಿಂದ ಆಯ್ಕೆಯ ಬಹುಭಾಗ ಗುಂಡಿ ಒತ್ತುವುದಕ್ಕೆ ಮೊದಲೇ ನಡೆಯಬೇಕು: ನೆರಿಗೆ ಎಲ್ಲಿ ಬೀಳಬೇಕು, ಸೆರಗು ಎಷ್ಟು ಇಳಿಯಬೇಕು, ಬೆಳಕು ಯಾವ ಪಕ್ಕದಿಂದ ಬರಬೇಕು ಎಂಬುದನ್ನೆಲ್ಲ ನಿಶ್ಚಯಿಸಿಕೊಳ್ಳಬೇಕು. ಬೆಳಕನ್ನು ಪರೀಕ್ಷಿಸಲು ವೃತ್ತಿಯವರು ಮೊದಲು ಪೋಲರಾಯ್ಡ್ ಚಿತ್ರವೊಂದನ್ನು ತೆಗೆದು ನೋಡುತ್ತಿದ್ದರು. ಆಮೇಲೆ ಸುರುಳಿಯ ಚಿತ್ರಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಸಣ್ಣದಾಗಿ ಅಚ್ಚಿಳಿಸಿ, ಸಂಪಾದಕರೊಡನೆ ಕುಳಿತು ಒಂದೆರಡನ್ನು ಗುರುತಿಸುತ್ತಿದ್ದರು. ಉಳಿದವು ಹೊರಗೆ ಬರುತ್ತಿರಲಿಲ್ಲ. ಯಕ್ಷಗಾನದಂತೆ ಇದು ಮೇಳದ ಕಲೆ. ದರ್ಜಿ, ಕೇಶಾಲಂಕಾರದವರು, ರೂಪದರ್ಶಿ, ಛಾಯಾಗ್ರಾಹಕ, ಸಂಪಾದಕ ಎಲ್ಲರೂ ಸೇರಿ ಒಂದು ಚಿತ್ರ. ಈ ಪರಸ್ಪರ ನಿರ್ಣಯವಿಲ್ಲದೆ ಗೆಳತಿಯನ್ನು ಮರದ ಕೆಳಗೆ ನಿಲ್ಲಿಸಿ ತೆಗೆದದ್ದು ಸೊಗಸಾದ ಭಾವಚಿತ್ರವಾಗಬಹುದು. ಅದಕ್ಕೆ ಆ ಹೆಸರೇ ಗೌರವದ್ದು, ಬೇರೆ ಹೆಸರೇಕೆ?

ನಮ್ಮ ಬಟ್ಟೆಗಳ ಮಟ್ಟಿಗೆ ಫಿಲ್ಮಿನ ಗುಣ ಇನ್ನೂ ಸೂಕ್ಷ್ಮ. ರೇಷ್ಮೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಮತ್ತೊಂದು ಬಣ್ಣವಾಗಿ ನೇಯ್ದ ಸೀರೆಯನ್ನು ಹಲಗೆಯಂತೆ ಹರಡಿ ಎದುರಿನಿಂದ ಬೆಳಕು ಹಾಯಿಸಿದರೆ ಎರಡು ಬಣ್ಣಗಳ ಆಟ ಸತ್ತುಹೋಗುತ್ತದೆ. ಮಡಿಕೆ ತಿರುಗಿದಾಗ ಮಾತ್ರ ಅದು ಕಾಣುವುದು. ಜರಿಯ ಹೊಳಪು ಬಟ್ಟೆಯ ಮೈಗಿಂತ ಬಹುಪಾಲು ಹೆಚ್ಚು; ಸ್ಲೈಡ್ ಫಿಲ್ಮಿನ ಸಹನೆ ಕಡಿಮೆಯಾದ್ದರಿಂದ ಬೆಳಕು ಕೊಂಚ ಮೀರಿದರೂ ಅಂಚಿನ ವಿನ್ಯಾಸ ಬರಿಯ ಬಿಳಿಯ ಪಟ್ಟಿಯಾಗುತ್ತದೆ. ಪಕ್ಕದ ಬೆಳಕು, ಹದವಾದ ನೆರಳು, ದೇಹದ ಚಲನೆ, ಇವಿಲ್ಲದೆ ಸೀರೆಯ ಚಿತ್ರ ಸೀರೆಗೆ ನ್ಯಾಯ ಸಲ್ಲಿಸದು. ಅನೇಕ ಜಾಹೀರಾತುಗಳಲ್ಲಿ ಸೀರೆಯನ್ನು ಗೊಂಬೆಗೆ ಸುತ್ತಿದಂತೆ ಬಿಗಿಯಾಗಿ ಪಿನ್ನು ಹಾಕಿ ನಿಲ್ಲಿಸಿರುತ್ತಾರೆ. ಅಂಚು ಪೂರ್ತಿ ಕಾಣುತ್ತದೆ, ಸೀರೆ ಕಾಣುವುದಿಲ್ಲ.

ಸಾಧನದಲ್ಲಿಯೂ ಪಕ್ಷಪಾತವುಂಟು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಲಕಗಳು ಕೆಂಪು ಬಣ್ಣಕ್ಕೆ ಕುರುಡು. ಆದಕಾರಣವೇ ಕತ್ತಲೆಕೋಣೆಯಲ್ಲಿ ಕೆಂಪು ದೀಪವನ್ನು ಹಚ್ಚಿಟ್ಟು ಅವನ್ನು ತೊಳೆಯಬಹುದಾಗಿತ್ತು. ಅವುಗಳಲ್ಲಿ ಕುಂಕುಮದ ಬಣ್ಣದ ಸೀರೆ ಕಪ್ಪಾಗಿಯೂ ನೀಲಿಯ ಸೀರೆ ಪೇಲವವಾಗಿಯೂ ಮೂಡುತ್ತಿದ್ದವು. ನಮ್ಮ ಮೈಬಣ್ಣವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತಿತ್ತು. ಹಳೆಯ ಕುಟುಂಬಚಿತ್ರಗಳಲ್ಲಿ ಅಜ್ಜಿಯರು ಕಪ್ಪು ಸೀರೆ ಉಟ್ಟಂತೆ ಕಂಡರೆ ಅವಸರದಿಂದ ತೀರ್ಮಾನ ಮಾಡಬಾರದು. ವರ್ಣಚಿತ್ರಗಳ ಕಾಲ ಬಂದ ಮೇಲೂ ಕೊಡಕ್ ಸಂಸ್ಥೆ ಬಣ್ಣದ ಹದವನ್ನು ಸರಿನೋಡಲು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ 'ಷರ್ಲಿ ಕಾರ್ಡ್' ಎಂಬ ಮಾದರಿಯಲ್ಲಿ ಬಹುಕಾಲ ಇದ್ದುದು ಬಿಳಿಯ ಹೆಂಗಸಿನ ಮುಖವೇ. ೧೯೯೦ರ ದಶಕದಲ್ಲಿ ಬೇರೆ ಬಣ್ಣದವರ ಮುಖಗಳು ಸೇರಿದವು. ಹೀಗೆ 'ಚೆಲುವು' ಎಂದು ನಾವು ನಂಬಿದುದರ ಒಂದಂಶ ರಸಾಯನಶಾಲೆಯಲ್ಲಿ ನಿಶ್ಚಯವಾದದ್ದು. ಕಪ್ಪು ಮೈಬಣ್ಣದ ಹುಡುಗಿಯರು ತಮ್ಮ ಚಿತ್ರ ನೋಡಿ ಕುಗ್ಗುವ ಮೊದಲು ಈ ಸಂಗತಿಯನ್ನು ತಿಳಿಯಬೇಕು, ಉಪಾಧ್ಯಾಯರು ತಿಳಿಸಬೇಕು.

೫

ನಮ್ಮ ವಿಚಾರದ ಕೇಂದ್ರಕ್ಕೆ ಈಗ ಬರುತ್ತೇವೆ. ಪ್ರಸಿದ್ಧವಾದ ಎರಡು ಫ್ಯಾಷನ್ ಚಿತ್ರಗಳಲ್ಲಿ ಆನೆಗಳಿವೆ. ಒಂದು, ೧೯೫೫ರ ಆಗಸ್ಟಿನಲ್ಲಿ ಪ್ಯಾರಿಸಿನ ಸರ್ಕಸ್ ಒಂದರಲ್ಲಿ ರಿಚರ್ಡ್ ಅವೆಡನ್ ತೆಗೆದದ್ದು. ಡೊವಿಮಾ ಎಂಬ ರೂಪದರ್ಶಿ ಡಿಯೊರ್ ಸಂಸ್ಥೆಯ ಕಪ್ಪು ನಿಲುವಂಗಿ ತೊಟ್ಟು, ಬಿಳಿಯ ರೇಷ್ಮೆಯ ಪಟ್ಟಿ ಇಳಿಬಿದ್ದಿರಲು, ಆನೆಗಳ ನಡುವೆ ಕೈಚಾಚಿ ನಿಂತಿದ್ದಾಳೆ. ಆನೆಯ ಸುಕ್ಕುಗಟ್ಟಿದ ಒರಟು ತೊಗಲು ರೇಷ್ಮೆಯ ನುಣುಪನ್ನು ಎತ್ತಿಹಿಡಿಯುತ್ತದೆ. ಆನೆಗಳ ಕಾಲಿನ ಸರಪಣಿ ಕಣ್ಣಿಗೆ ಬಿದ್ದಾಗ ಆ ಸೊಗಸಿನಲ್ಲಿ ಒಂದು ನೋವೂ ಸೇರುತ್ತದೆ. ವಿರೋಧವೇ ಇಲ್ಲಿ ಅಲಂಕಾರ.

ಮತ್ತೊಂದು, ನಾರ್ಮನ್ ಪಾರ್ಕಿನ್ಸನ್ ಜಯಪುರದಲ್ಲಿ ತೆಗೆದು ಬ್ರಿಟಿಷ್ 'ವೋಗ್' ಪತ್ರಿಕೆಯ ೧೯೫೬ರ ನವೆಂಬರ್ ಸಂಚಿಕೆಯಲ್ಲಿ ಬಂದದ್ದು. ಆನ್ ಗನಿಂಗ್ ಎಂಬ ರೂಪದರ್ಶಿ ಗುಲಾಬಿ ಬಣ್ಣದ ಉಣ್ಣೆಯ ಕೋಟು ತೊಟ್ಟು ಅರಮನೆಯ ಹೊರಗೆ, ಸಿಂಗರಿಸಿದ ಆನೆಯ ಪಕ್ಕದಲ್ಲಿ ನಿಂತಿದ್ದಾಳೆ. ಬಣ್ಣಗಳ ಮೇಳ ಮನೋಹರ. ಆದರೆ ಅವೆಡನ್ನನ ಆನೆ ಆನೆಯಾಗಿ ಇದೆ. ಪಾರ್ಕಿನ್ಸನ್ನನ ಆನೆ 'ಭಾರತ'ವಾಗಿ ಇದೆ. ಆ ಚೌಕಟ್ಟಿನಲ್ಲಿ 'ಈಗ' ಎಂಬುದು ಕೋಟು ತೊಟ್ಟವಳಿಗೆ ಮಾತ್ರ ಸೇರಿದ್ದು. ಉಳಿದದ್ದೆಲ್ಲ ಎಂದೆಂದಿಗೂ ಹೀಗೆಯೇ ಇರುವ ಹಿನ್ನೆಲೆ. ಅದೇ ತಿಂಗಳ ೧ರಂದು ಭಾಷಾವಾರು ರಾಜ್ಯಗಳು ರೂಪುಗೊಂಡು ಈ ದೇಶದ ನಕ್ಷೆಯೇ ಬದಲಾಗಿತ್ತು. ಬಳ್ಳಾರಿ ಜಿಲ್ಲೆಯಿಂದ ೧೯೫೩ರಲ್ಲಿಯೇ ಆಂಧ್ರಕ್ಕೆ ಸೇರಿದ್ದ ನಮ್ಮ ರಾಯದುರ್ಗ ಅಲ್ಲಿಯೇ ಉಳಿದು, ಇಲ್ಲಿಯ ಕನ್ನಡಿಗರು ತಮ್ಮ ಶಾಲೆಗಳ ಚಿಂತೆಯಲ್ಲಿದ್ದರು. ಕಾಲ ನಮ್ಮಲ್ಲಿಯೂ ನಡೆದಿತ್ತು. ಚಿತ್ರದಲ್ಲಿ ಮಾತ್ರ ನಿಂತಿತ್ತು.

ವಿದೇಶೀಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಇದೇ ದೋಷ ನಮ್ಮವರಲ್ಲಿಯೂ ಉಂಟು. ಕಚ್ಚೆ ಹಾಕಿ ಸೀರೆಯುಟ್ಟು ಹೊಲದಲ್ಲಿ ಕಡಲೆಕಾಯಿ ಕೀಳುವ ಹೆಂಗಸಿನ ಚಿತ್ರ ತೆಗೆದರೆ ಅದನ್ನು 'ಜಾನಪದ' ಎನ್ನುತ್ತೇವೆ. ಅದೇ ಕೈಮಗ್ಗದ ಸೀರೆಯನ್ನು ಅದೇ ರೀತಿಯಲ್ಲಿ ನಗರದ ರೂಪದರ್ಶಿ ಉಟ್ಟರೆ 'ಫ್ಯಾಷನ್' ಎನ್ನುತ್ತೇವೆ. ಬಟ್ಟೆ ಒಂದೇ, ಉಡುವ ರೀತಿ ಒಂದೇ, ಬೆಳಕೂ ಒಂದೇ ಇರಬಹುದು. ಬದಲಾಗಿರುವುದು 'ಈಗ' ಎಂಬುದರ ಹಕ್ಕು ಯಾರದೆಂಬ ನಮ್ಮ ಎಣಿಕೆ. ಫ್ಯಾಷನ್ ಛಾಯಾಚಿತ್ರ ಯಾವುದೆಂಬ ಪ್ರಶ್ನೆ ಬರಿಯ ಪಾರಿಭಾಷಿಕ ಚರ್ಚೆಯಲ್ಲ. ಯಾರನ್ನು ವರ್ತಮಾನದವರೆಂದು ನಾವು ಒಪ್ಪುತ್ತೇವೆ ಎಂಬುದರ ಪರೀಕ್ಷೆ.

೬

ಈ ಪರೀಕ್ಷೆಯನ್ನು ಚಿತ್ರಗಳಲ್ಲಿಯೇ ನಡೆಸಿದವರು ಬೆಂಗಳೂರಿನಲ್ಲಿದ್ದಾರೆ. ಶಿಲ್ಪಕಲೆಯಲ್ಲಿ ಶಿಕ್ಷಣ ಪಡೆದ ಕಲಾವಿದೆ ಎನ್. ಪುಷ್ಪಮಾಲಾ ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ೨೦೦೦ದಿಂದ ೨೦೦೪ರವರೆಗೆ ರಚಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್' ಎಂಬ ಚಿತ್ರಮಾಲೆ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದ ಕೃತಿ. ಇದರಲ್ಲಿ ಪುಷ್ಪಮಾಲಾ ತಾವೇ ರೂಪದರ್ಶಿ. ರವಿವರ್ಮನ ಬೆಳದಿಂಗಳ ಹೆಣ್ಣು, ಅಚ್ಚಿನ ಪಟದ ಲಕ್ಷ್ಮಿ, ಬಿಜಾಪುರದ ಕಿರುಚಿತ್ರದ ಯೋಗಿನಿ, ಹಳೆಯ ಛಾಯಾಚಿತ್ರದ ತೊದವ ಸ್ತ್ರೀ, ಕನ್ನಡ ಚಲನಚಿತ್ರವೊಂದರ ನಾಯಿಕೆ, ವೃತ್ತಪತ್ರಿಕೆಯಲ್ಲಿ ಬಂದ ಆರೋಪಿಗಳು: ಹೀಗೆ ಒಂದೊಂದು ಪ್ರಸಿದ್ಧ ಚಿತ್ರವನ್ನೂ ಉಡುಗೆ, ಆಭರಣ, ಬರೆದ ಪರದೆ, ಬೆಳಕುಗಳೊಡನೆ ಮರುಸೃಷ್ಟಿಸಿ ಅದರೊಳಗೆ ತಾವು ನಿಂತಿದ್ದಾರೆ.

ಫ್ಯಾಷನ್ ಛಾಯಾಚಿತ್ರಕ್ಕೆ ಬೇಕೆಂದು ಸಾಮಾನ್ಯರು ಹೇಳುವ ಎಲ್ಲ ಸಾಮಗ್ರಿಯೂ ಇಲ್ಲಿದೆ. ರೂಪದರ್ಶಿ ಇದ್ದಾಳೆ, ಆಯ್ದ ಉಡುಗೆಯಿದೆ, ಸ್ಟುಡಿಯೋ ಇದೆ, ಫಿಲ್ಮ್ ಇದೆ. ಆದರೂ ಇದು ಫ್ಯಾಷನ್ ಅಲ್ಲವೆಂಬುದು ನೋಡಿದೊಡನೆ ತಿಳಿಯುತ್ತದೆ. ಇಲ್ಲಿ ಪ್ರತಿಯೊಂದು ಉಡುಗೆಯೂ ಉದ್ಧರಣೆ, "ನೀನೂ ಹೀಗೆ ಉಡು" ಎಂದು ಅದು ಹೇಳುವುದಿಲ್ಲ, "ನಿನ್ನನ್ನು ಹೀಗೆ ಉಡಿಸಿದವರು ಯಾರು?" ಎಂದು ಕೇಳುತ್ತದೆ. ಈ ಮಾಲೆಯ ಮತ್ತೊಂದು ಭಾಗದಲ್ಲಿ, ಹತ್ತೊಂಬತ್ತನೆಯ ಶತಮಾನದ ಮಾನವಶಾಸ್ತ್ರಜ್ಞರು ದೇಹವನ್ನು ಅಳೆಯಲು ಬಳಸುತ್ತಿದ್ದ ಚೌಕುಳಿಯ ಪರದೆಯನ್ನೇ ಹಿಂದೆ ಕಟ್ಟಿ ಈ ಎಲ್ಲ ಹೆಂಗಸರನ್ನೂ ಅಳತೆಗೆ ನಿಲ್ಲಿಸಲಾಗಿದೆ. ಅದೇ ಸಿಂಗಾರ, ಅದೇ ಮುಖ. ಪರದೆ ಬದಲಾದೊಡನೆ ದೇವಿಯೂ ನಾಯಿಕೆಯೂ 'ಮಾದರಿ'ಗಳಾಗುತ್ತಾರೆ. ಪ್ರಕಾರಭೇದ ಬಟ್ಟೆಯಲ್ಲಿಲ್ಲ, ನೋಟದಲ್ಲಿದೆ ಎಂಬ ನಮ್ಮ ವಾದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ನಮಗೆ ತಿಳಿದಿಲ್ಲ.

ಹಾಗೆಂದು ಈ ಕೃತಿ ಪೂರ್ಣವೆಂದು ನಾವು ಹೇಳುವುದಿಲ್ಲ. ತೊದವ ಸ್ತ್ರೀಯ ವೇಷ ಧರಿಸಿದ ಕಲಾವಿದೆ ಚಿತ್ರ ಮುಗಿದ ಮೇಲೆ ವೇಷ ಕಳಚಿ ಮನೆಗೆ ಹೋಗಬಲ್ಲಳು; ಮೂಲಚಿತ್ರದಲ್ಲಿ ನಿಂತವಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಅಣಕದ ನಗೆಯಲ್ಲಿ ಆ ಹೆಸರಿಲ್ಲದವಳ ಮೌನ ಮರೆಯಾಗುವ ಅಪಾಯವುಂಟು. ಆರೋಪಿಗಳ ಚಿತ್ರದ ಮುಂದೆ ನಿಂತಾಗ ಈ ಸಂದೇಹ ಇನ್ನೂ ಬಲವಾಗುತ್ತದೆ. ಅವರ ಉಡುಗೆ ಅವರಿಗೆ ವೇಷವಾಗಿರಲಿಲ್ಲ. ಆದರೆ ಈ ಸಂದೇಹವನ್ನು ಹುಟ್ಟಿಸುವ ಶಕ್ತಿಯೂ ಕೃತಿಯದೇ ಎಂಬುದನ್ನು ಒಪ್ಪಲೇಬೇಕು.

೭

ಒಂದು ಆಕ್ಷೇಪಕ್ಕೆ ಉತ್ತರಿಸಿ ಮುಗಿಸುತ್ತೇವೆ. "ಪ್ರಕಾರಗಳನ್ನು ಹೀಗೆ ಬಿಡಿಸಿಡುವುದರಿಂದ ಪ್ರಯೋಜನವೇನು? ಚಿತ್ರ ಚೆನ್ನಾಗಿದ್ದರೆ ಸಾಲದೇ?" ಎಂದು ಹೇಳುವವರಿದ್ದಾರೆ. ಸಾಲದು. ಚಿತ್ರವನ್ನು ಅದು ಉತ್ತರಿಸುವ ಪ್ರಶ್ನೆಯಿಂದ ಅಳೆಯಬೇಕಲ್ಲದೆ ಬೇರೆಯದರಿಂದ ಅಳೆದರೆ ಅನ್ಯಾಯವಾಗುತ್ತದೆ. ಮೈಸೂರಿನಲ್ಲಿ ಹುಟ್ಟಿ ೨೦೦೯ರಲ್ಲಿ ತೀರಿಕೊಂಡ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ ನಿತ್ಯಜೀವನವನ್ನು ತೆಗೆದ ಚಿತ್ರಗಳಲ್ಲಿ ಉಡುಗೆಯ ಮೆರುಗನ್ನು ಹುಡುಕುವುದು ಎಷ್ಟು ತಪ್ಪೋ, ಫ್ಯಾಷನ್ ಚಿತ್ರದ ಹುಡುಗಿಯ ಮೈಕಟ್ಟಿನಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ನಿತ್ಯಜೀವನದ ಅಳತೆಗೋಲನ್ನು ಹುಡುಕುವುದೂ ಅಷ್ಟೇ ತಪ್ಪು. ಆ ಹುಡುಗಿ ತನ್ನ ದೇಹವನ್ನು ಕೆಲವು ಗಂಟೆಗಳ ಕಾಲ ಬಟ್ಟೆಗೆ ಎರವಲು ಕೊಟ್ಟಿದ್ದಾಳೆ. ಹತ್ತಾರು ಜನ ಶ್ರಮಿಸಿದ್ದಾರೆ. ಮೂವತ್ತಾರರಲ್ಲಿ ಒಂದನ್ನು ಆರಿಸಿದ್ದಾರೆ. ಅದು ನಟನೆಯೆಂದು ತಿಳಿದು ನೋಡಿದರೆ ರಸ; ನಿಜವೆಂದು ನಂಬಿ ನೋಡಿದರೆ ಕೊರಗು.

ವಿದ್ಯಾರ್ಥಿಮಿತ್ರರು ಇನ್ನು ಮುಂದೆ ಗೋಡೆಯ ಕ್ಯಾಲೆಂಡರನ್ನಾಗಲಿ ಸೀರೆಯಂಗಡಿಯ ಫಲಕವನ್ನಾಗಲಿ ನೋಡುವಾಗ ಮೂರು ಮಾತುಗಳನ್ನು ಕೇಳಿಕೊಳ್ಳಲಿ. ಇಲ್ಲಿ ಕರ್ತೃ ಯಾರು, ಬಟ್ಟೆಯೇ, ಉಟ್ಟವಳೇ? ಇಲ್ಲಿ 'ಈಗ' ಯಾರಿಗೆ ಸೇರಿದ್ದು, 'ಎಂದೆಂದಿಗೂ' ಯಾರ ಪಾಲಿಗೆ ಬಿದ್ದಿದೆ? ಚೌಕಟ್ಟಿನಿಂದ ಹೊರಗೆ ಉಳಿದವರು ಯಾರು? ಮೂರನೆಯ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಉತ್ತರ ಸುಲಭ. ಹಿಪ್ಪುನೇರಳೆಯ ಸೊಪ್ಪು ಕೊಯ್ದವಳು, ಗೂಡು ಬಿಡಿಸಿದವಳು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತವನು, ಹೊಲಿಗೆಯ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವನು, ಇವರಾರೂ ಆ ಚಿತ್ರದಲ್ಲಿಲ್ಲ. ಇರಲೇಬೇಕೆಂದು ನಾವು ಹಟ ಹಿಡಿಯುವುದಿಲ್ಲ. ನಾಟಕದಲ್ಲಿ ಪರದೆ ಎಳೆಯುವವನು ರಂಗಕ್ಕೆ ಬರುವುದಿಲ್ಲ. ಆದರೆ ತಾವು ಹೊಲಿದ ಉಡುಗೆಯನ್ನು ತಮ್ಮವರೇ ತೊಟ್ಟು, ತಮ್ಮವರೇ ಫಿಲ್ಮಿನಲ್ಲಿಯೋ ಬೇರೆ ಸಾಧನದಲ್ಲಿಯೋ ಚಿತ್ರ ತೆಗೆದು, "ಈಗ ಹೀಗೆ ಉಡಬೇಕು" ಎಂದು ರಾಯದುರ್ಗದ ತರುಣತರುಣಿಯರು ಜಗತ್ತಿಗೆ ಹೇಳಿದರೆ, ಅದನ್ನು 'ಜಾನಪದ'ವೆಂದು ಬದಿಗಿಡಲು ಯಾರಿಗೂ ಅಧಿಕಾರವಿಲ್ಲ. ಆ ಚಿತ್ರಕ್ಕೆ ಫ್ಯಾಷನ್ ಛಾಯಾಚಿತ್ರವೆಂಬ ಹೆಸರು ಪೂರ್ಣವಾಗಿ ಸಲ್ಲುತ್ತದೆ.